ಹೊಸ್ತಿಲಿನಿಂದ ಹದಿನೇಳು ಹೆಜ್ಜೆ

ಕಿಲ್‌ಕಾರಿಗ್‌ನಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಪಾದ್ರಿಗೆ ತಿಳಿಸುತ್ತಾರೆ, ಆಮೇಲೆ ಡೀಲಿಯಾ ಟಾಲ್ಟಿಗೆ. ಆತ್ಮದ ದಾರಿ ಪಾದ್ರಿಯದು. ದೇಹವನ್ನು ಎಲ್ಲಿ ಇಳಿಸಬೇಕೆಂಬುದು ಡೀಲಿಯಾಳದು.

ಗುಡ್ಡದ ಮೇಲಿನ ಹಳೆಯ ಸ್ಮಶಾನದಲ್ಲಿ ಇನ್ನೂರಕ್ಕೂ ಹೆಚ್ಚು ಸಮಾಧಿಗಳಿವೆ. ಹೆಸರು ಕೆತ್ತಿದ ಕಲ್ಲಿರುವುದು ಮೂವತ್ತಕ್ಕೋ ಮೂವತ್ತೈದಕ್ಕೋ. ಉಳಿದವಕ್ಕೆ ಹೊಲದಿಂದ ಹೊತ್ತು ತಂದು ನೆಟ್ಟ ಕಾಡುಕಲ್ಲು. ಕೆಲವಕ್ಕೆ ಅದೂ ಇಲ್ಲ, ಬರೀ ಹುಲ್ಲು. ಚರ್ಚಿನ ದಫ್ತರದಲ್ಲಿ ಯಾರು ಯಾವಾಗ ಸತ್ತರೆಂದು ಇದೆ, ಎಲ್ಲಿ ಮಲಗಿದ್ದಾರೆಂದು ಇಲ್ಲ. ಅದು ಇರುವುದು ಡೀಲಿಯಾಳ ತಲೆಯಲ್ಲಿ. ಅವಳಿಗಿಂತ ಮುಂಚೆ ಅವಳಪ್ಪ ಮ್ಯಾಟಿಯ ತಲೆಯಲ್ಲಿತ್ತು. ನಮ್ಮಲ್ಲಿ ಗುಂಡಿ ತೋಡುವವರು ನೆರೆಹೊರೆಯವರೇ. ಅವರು ಸಲಿಕೆ ಹಿಡಿದು ಗೋಡೆಗೊರಗಿ ನಿಂತಿರುತ್ತಾರೆ. ಟಾಲ್ಟಿ ಮನೆಯವರು ಬಂದು, ಹೆಜ್ಜೆ ಎಣಿಸಿ, ಹಿಮ್ಮಡಿಯಿಂದ ಒತ್ತಿ ‘ಇಲ್ಲಿ’ ಅನ್ನುವ ತನಕ ಒಬ್ಬನೂ ಮಣ್ಣು ಮುಟ್ಟುವುದಿಲ್ಲ.

ಡೀಲಿಯಾಳ ಗಂಡನ ಮನೆಯ ಹೆಸರು ಹೋನನ್. ಮದುವೆಯಾಗಿ ನಲವತ್ತೇಳು ವರ್ಷವಾದರೂ ಊರಿಗೆ ಅವಳು ಕುಂಟ ಮ್ಯಾಟಿಯ ಮಗಳು ಡೀಲಿಯಾ ಟಾಲ್ಟಿಯೇ. “ಹೋನನ್ ಅನ್ನೋದನ್ನ ಪೋಸ್ಟಿನವನಿಗೆ ಅಂತ ಇಟ್ಕೊಂಡಿದೀನಿ” ಅನ್ನುತ್ತಾಳೆ. ವಯಸ್ಸು ಎಪ್ಪತ್ತೊಂದು. ನನಗಿಂತ ನಲವತ್ತು ವರ್ಷ ದೊಡ್ಡವಳು, ಆದರೆ ಈ ಊರಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯುವುದು. ಗೌರವದ ಮಾತು ಪಾದ್ರಿಗೆ, ಮಾಸ್ತರಿಗೆ ಮಾತ್ರ. ನಾನು ಅವಳ ಪಕ್ಕದ ಮನೆಗೆ ಸೊಸೆಯಾಗಿ ಬಂದವಳು. ತವರು ಒಂಬತ್ತು ಮೈಲಿ ಆಚೆ, ಹಾಗಾಗಿ ಹೊರಗಿನವಳು. ನನ್ನ ಮಗಳು ಓರ್ಲಾ ಇಲ್ಲೇ ಹುಟ್ಟಿದ್ದರಿಂದ ಅವಳಿಗೆ ಅರ್ಧ ಮಾಫಿ ಇದೆ.

ಹೋದ ವರ್ಷ ನಮ್ಮೂರಿನ ಪರಂಪರೆ ಸಮಿತಿ ಒಂದು ಕೆಲಸಕ್ಕೆ ಕೈ ಹಾಕಿತು. ಸ್ಮಶಾನದ ಬಾಗಿಲಲ್ಲಿ ದೊಡ್ಡದೊಂದು ಕಲ್ಲಿನ ಫಲಕ ನಿಲ್ಲಿಸುವುದು. ಅದರಲ್ಲಿ ಯಾವ ಮನೆತನದವರು ಎಲ್ಲಿದ್ದಾರೆಂಬ ನಕ್ಷೆ ಕೆತ್ತಿಸುವುದು. ಸಮಿತಿಯ ಹಿರಿಯರು ನಿವೃತ್ತ ಮಾಸ್ತರು ಕಾನ್ಸಿಡೈನ್. ಊರಿನಲ್ಲಿ ಐವತ್ತರ ಕೆಳಗಿನವರೆಲ್ಲ ಅವರಿಂದ ಕಿವಿ ಹಿಂಡಿಸಿಕೊಂಡವರೇ. ಬರೆಯುವ ಕೆಲಸ ನನಗೆ ಬಂತು.

“ನೀನು ಹೇಗೂ ದಿನಚರಿ ಬರೀತೀಯಂತಲ್ಲ,” ಎಂದರು ಮಾಸ್ತರು. “ಮಗುಗೆ ಹಲ್ಲು ಬಂದಿದ್ದು, ಹಸು ಕರು ಹಾಕಿದ್ದು ಬರೆಯೋ ಕೈ ಸತ್ತವರ ಹೆಸರೂ ಬರೀಲಿ.”

ಸೆಪ್ಟೆಂಬರಿನಲ್ಲಿ ಮಂಗಳವಾರಗಳಂದು ಬೆಳಿಗ್ಗೆ ನಾವು ಮೂವರೂ ಗುಡ್ಡ ಹತ್ತುತ್ತಿದ್ದೆವು. ಡೀಲಿಯಾ ಹೆಜ್ಜೆ ಹಾಕುವುದು, ನಾನು ಬರೆದುಕೊಳ್ಳುವುದು, ಒಂದೂವರೆ ವರ್ಷದ ಓರ್ಲಾ ಕಾಡುಕಲ್ಲುಗಳನ್ನು ಹಿಡಿದು ಓಲಾಡುವುದು. ಎಣಿಕೆಯೆಲ್ಲ ಶುರುವಾಗುವುದು ಪಾಳುಬಿದ್ದ ಹಳೆಯ ಚರ್ಚಿನ ದಕ್ಷಿಣದ ಹೊಸ್ತಿಲಿನಿಂದ. ಚಾವಣಿ ಹೋಗಿ ಮುನ್ನೂರು ವರ್ಷವಾಗಿದೆ, ಹೊಸ್ತಿಲ ಕಲ್ಲು ಮಾತ್ರ ಅಲುಗಿಲ್ಲ. ಅಲ್ಲಿಂದ ಮುಳ್ಳುಮರದ ಕಡೆಗೆ ಇಷ್ಟು ಹೆಜ್ಜೆಗೆ ಮೀನಿಯವರು, ಇಷ್ಟಕ್ಕೆ ಕಿಲೀನರು, ಬಾವಿಯ ಕಡೆಗೆ ಇಷ್ಟಕ್ಕೆ ಟಾಲ್ಟಿಗಳು. ಮಗ್ಗಿ ಒಪ್ಪಿಸಿದ ಹಾಗೆ ಒಂದೇ ಉಸಿರಿಗೆ ಹೇಳುತ್ತಿದ್ದಳು.

ಎರಡನೆಯ ಮಂಗಳವಾರ ಓರ್ಲಾ ಅವಳ ಹಿಂದೆ ಹಿಂದೆಯೇ ಹೋಗುತ್ತಿದ್ದುದನ್ನು ನೋಡಿದೆ. ಮಗು ಎಡಗಾಲು ಎಳೆದು ಎಳೆದು ನಡೆಯುತ್ತಿತ್ತು. ಮುಳ್ಳು ಚುಚ್ಚಿತೇನೋ ಎಂದು ಓಡಿ ಎತ್ತಿಕೊಂಡು ಪಾದ ನೋಡಿದೆ. ಏನೂ ಇಲ್ಲ. ಕೆಳಗಿಳಿಸಿದರೆ ಮತ್ತೆ ಅದೇ ನಡಿಗೆ. ತಲೆಯೆತ್ತಿ ನೋಡಿದರೆ ಮುಂದೆ ಡೀಲಿಯಾಳೂ ಹಾಗೇ ಕುಂಟುತ್ತಿದ್ದಾಳೆ. ಗುಡ್ಡ ಹತ್ತುವಾಗ ನನಗಿಂತ ಚುರುಕಾಗಿ ಹತ್ತಿದವಳು.

“ಡೀಲಿಯಾ, ಮಂಡಿ ನೋವಾ?”

“ಯಾವ ಮಂಡಿ? ಎರಡೂ ಚೆನ್ನಾಗೇ ಇವೆ.”

“ಮತ್ತೆ ಕುಂಟ್ತಿದೀಯಲ್ಲ.”

“ನಾನೆಲ್ಲಿ ಕುಂಟ್ತಿದೀನಿ? ಕುಂಟ್ತಿರೋದು ನಮ್ಮಪ್ಪ. ಮಧ್ಯ ಮಾತಾಡಿಸ್ಬೇಡ, ಲೆಕ್ಕ ತಪ್ಪುತ್ತೆ.”

ಆಮೇಲೆ ಗೋಡೆಯ ಮೇಲೆ ಕೂತು ಫ್ಲಾಸ್ಕಿನ ಚಹಾ ಕುಡಿಯುವಾಗ ಹೇಳಿದಳು. ಮ್ಯಾಟಿ ಒಂಬತ್ತು ವರ್ಷದವನಿದ್ದಾಗ ಹುಲ್ಲಿನ ಗಾಡಿಯಿಂದ ಬಿದ್ದು ಎಡಗಾಲು ಮುರಿದು, ಕೂಡಿಕೊಳ್ಳುವಾಗ ಗಿಡ್ಡವಾಗಿ ಕೂಡಿಕೊಂಡಿತು. ಹೊಲದ ಕೆಲಸಕ್ಕೆ ಬಾರದ ಹುಡುಗ ಎಂದು ಅವನ ತಾತ ಅವನನ್ನು ಸ್ಮಶಾನಕ್ಕೆ ಕರೆದುಕೊಂಡು ಹೋಗಿ ಈ ಲೆಕ್ಕ ಕಲಿಸಿದ. ತಾತನ ನೇರ ಹೆಜ್ಜೆಗಳನ್ನು ಮ್ಯಾಟಿ ತನ್ನ ಕುಂಟು ಹೆಜ್ಜೆಗೆ ಬದಲಾಯಿಸಿಕೊಂಡು, ಪ್ರತಿಯೊಂದನ್ನೂ ಹೊಸದಾಗಿ ಎಣಿಸಿ ಬಾಯಿಪಾಠ ಮಾಡಿದ. ಅವನಿಗೆ ಗಂಡುಮಕ್ಕಳಿಲ್ಲ. ಡೀಲಿಯಾ ಏಳು ವರ್ಷದವಳಾದಾಗ ಭಾನುವಾರದ ಪೂಜೆ ಮುಗಿದ ಮೇಲೆ ಅವಳನ್ನು ಹಿಂದೆ ಕಟ್ಟಿಕೊಂಡು ಗುಡ್ಡಕ್ಕೆ ಬರುತ್ತಿದ್ದ. ಅವಳು ಅಪ್ಪನ ಕೋಟಿನ ಚುಂಗು ಹಿಡಿದು, ಅಪ್ಪ ಕುಂಟಿದ ಹಾಗೇ ಕುಂಟುತ್ತ, ಅಪ್ಪನ ಜೊತೆ ಎಣಿಸುತ್ತ ಕಲಿತಳು. ಶಾಲೆಯಲ್ಲಿ ಮಕ್ಕಳು ಅವಳ ಹಿಂದೆ ಕುಂಟಿಕೊಂಡು ಬರುತ್ತಿದ್ದರಂತೆ.

“ಅಪ್ಪನ ಹೆಜ್ಜೆ ಚಿಕ್ಕದು. ನೆಟ್ಟಗೆ ನಡೆದ್ರೆ ಸಮಾಧಿ ಸಿಗಲ್ಲ, ಕಣೇ,” ಎಂದಳು. ಹೇಳಿದವಳು ಲೋಟದ ಚಹಾ ಹುಲ್ಲಿಗೆ ಚೆಲ್ಲಿ ಎದ್ದಳು. ಅರ್ಧ ಲೋಟ ಇನ್ನೂ ಇತ್ತು.

ಅದರ ಮುಂದಿನ ಮಂಗಳವಾರ ನಾವು ಕಿಲೀನರ ಕಲ್ಲಿನ ಹತ್ತಿರ ಬಂದೆವು. ಪ್ಯಾಕಿ ಕಿಲೀನ್, 1971 ಎಂದು ಕೆತ್ತಿದ ಕಲ್ಲು. ಅದರ ಈಚೆ, ಹೊಸ್ತಿಲಿಗೆ ಹತ್ತಿರವಾಗಿ, ಸನ್ನಿ ಮರಿನನ್, 1983. ಡೀಲಿಯಾ ಎರಡರ ಹತ್ತಿರವೂ ಹೆಜ್ಜೆ ಹಾಕಲಿಲ್ಲ. “ಈ ಎರಡನ್ನ ಕಲ್ಲು ನೋಡಿ ಬರ್ಕೋ” ಎಂದು ಮುಂದೆ ಹೋದಳು. ಕಲ್ಲಿದ್ದ ಬೇರೆ ಎಲ್ಲ ಸಮಾಧಿಗಳಿಗೂ ಅವಳು ಎಣಿಸಿಯೇ ಹೇಳಿದ್ದಳು.

“ಇವಕ್ಕೆ ಎಷ್ಟು ಹೆಜ್ಜೆ?” ಎಂದೆ.

“ಬರ್ಕೋ ಅಂದ್ನಲ್ಲ.”

“ಮಾಸ್ತರು ಎಲ್ಲದಕ್ಕೂ ಬೇಕು ಅಂದಿದಾರೆ.”

ಅವಳು ಹಿಂದಿರುಗಿ ಬಂದು ಪ್ಯಾಕಿಯ ಕಲ್ಲಿನ ಮೇಲೆ ಕೈಯಿಟ್ಟಳು. “ಕಿಲೀನರದು ಹದಿಮೂರು. ಮರಿನನ್ನರದು ಹದಿನೇಳು. ಇದು ಹದಿನೇಳು,” ಎಂದಳು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹದಿನೇಳರಲ್ಲಿ ಮರಿನನ್ನರು ಇರಬೇಕಾದಲ್ಲಿ ನಿಂತಿದ್ದದ್ದು ಕಿಲೀನ್ ಕಲ್ಲು.

ಆದದ್ದು ಇಷ್ಟು. ಮ್ಯಾಟಿ ಸತ್ತ ಎರಡು ವರ್ಷಕ್ಕೆ ಪ್ಯಾಕಿ ಕಿಲೀನ್ ಟ್ರ್ಯಾಕ್ಟರ್ ಮಗುಚಿ ಸತ್ತ, ನಲವತ್ತನಾಲ್ಕನೆಯ ವಯಸ್ಸಿಗೆ. ಡೀಲಿಯಾ ಒಬ್ಬಳೇ ಜಾಗ ತೋರಿಸಿದ್ದು ಅದೇ ಮೊದಲು. ಇಪ್ಪತ್ತೈದು ವರ್ಷ, ಮದುವೆಯಾಗಿ ಒಂದು ವರ್ಷ; ಊರೆಲ್ಲ ಗೋಡೆಯ ಉದ್ದಕ್ಕೂ ನಿಂತಿತ್ತು. ಹೊಸ್ತಿಲ ಮೇಲೆ ನಿಂತು ಎಡಗಾಲು ಎಳೆಯಬೇಕು ಅನ್ನುವಷ್ಟರಲ್ಲಿ ಅತ್ತೆ ಪಕ್ಕದಲ್ಲಿ ಬಂದು ಮೆಲ್ಲಗೆ, “ನೆಟ್ಟಗೆ ನಡಿ. ಹೋನನ್ ಮನೆಗೆ ಕುಂಟಿ ಬಂದಿದಾಳೆ ಅಂತ ಅನ್ನಿಸ್ಕೋಬೇಡ” ಎಂದಳು. ಡೀಲಿಯಾ ನೆಟ್ಟಗೆ ನಡೆದಳು. ಹದಿಮೂರು ನೇರ ಹೆಜ್ಜೆಗೆ, ಅಂದರೆ ಅಪ್ಪನ ಹದಿನೇಳಕ್ಕೆ, ಹಿಮ್ಮಡಿ ಒತ್ತಿದಳು. ತೋಡಿದಾಗ ಒಂದು ತಲೆಬುರುಡೆ ಸಿಕ್ಕಿತು. ಪ್ಯಾಕಿಯ ಅಪ್ಪನದೇ ಇರಬೇಕೆಂದು ಎಲ್ಲರೂ ಶಿಲುಬೆಯ ಗುರುತು ಮಾಡಿಕೊಂಡು, ಪಕ್ಕಕ್ಕಿಟ್ಟು, ಪೆಟ್ಟಿಗೆ ಇಳಿಸಿದ ಮೇಲೆ ಮತ್ತೆ ಒಳಗಿಟ್ಟರು.

ಹನ್ನೆರಡು ವರ್ಷದ ಮೇಲೆ ಸನ್ನಿ ಮರಿನನ್ ಸತ್ತ. ಅಷ್ಟು ಹೊತ್ತಿಗೆ ಡೀಲಿಯಾ ಮೂರು ಮಕ್ಕಳ ತಾಯಿ, ಅತ್ತೆಯ ಮಾತಿಗೆ ಬೆಲೆ ಕಡಿಮೆಯಾಗಿತ್ತು. ಹಿಂದಿನ ದಿನ ಒಬ್ಬಳೇ ಬಂದು ಅಪ್ಪನ ಹಾಗೇ ಕುಂಟಿಕೊಂಡು ಹದಿನೇಳು ಎಣಿಸಿದಳು. ಎದುರಿಗೆ ಪ್ಯಾಕಿಯ ಕಲ್ಲು.

“ಆಗ ಏನ್ ಮಾಡ್ದೆ?”

“ಏನ್ ಮಾಡ್ಲಿ? ಮರಿನನ್ನರಲ್ಲಿ ಜಾಗ ನೆನಪಿದ್ದೋರು ಯಾರೂ ಇರ್ಲಿಲ್ಲ. ಸನ್ನೀನ ಹದಿಮೂರಕ್ಕೆ ಇಳಿಸ್ದೆ. ಕಿಲೀನರ ಮೇಲೆ.” ಕಲ್ಲಿನಿಂದ ಕೈ ತೆಗೆದು ಸೇರಿಸಿದಳು: “ಆ ಎರಡು ಮನೆ, ನೋಡು. ಬೇರೆ ಯಾರಾದ್ರೂ ಆಗಿದ್ರೆ ನಗಾಡ್ಕೊಂಡು ಬಿಡ್ತಿದ್ರು.”

ಅದು ನನಗೂ ಗೊತ್ತಿತ್ತು. ಜೌಗುನೆಲದಲ್ಲಿ ಕಡಿದು ಒಣಗಲು ಹಾಕಿದ್ದ ಕಿಲೀನರ ಉರುವಲು ಮಣ್ಣಿನ ಹೆಂಟೆಗಳ ಮೇಲೆ ಸನ್ನಿ ಮರಿನನ್ ಗಾಡಿ ಹೊಡೆದದ್ದು 1958ರಲ್ಲಿ. ಮರಿನನ್ನರು ಜೌಗಿಗೆ ಹೋಗುತ್ತಿದ್ದ ದಾರಿಗೆ ಕಿಲೀನರು ಬೇಲಿ ಹಾಕಿದರು. ಅಂದಿನಿಂದ ಒಂದು ಮನೆಯವರು ಚರ್ಚಿನ ಎಡಗಡೆ ಕೂತರೆ ಇನ್ನೊಂದು ಮನೆಯವರು ಬಲಗಡೆ.

ಆ ಸಂಜೆ ಮಾಸ್ತರ ಅಡುಗೆಮನೆಯಲ್ಲಿ ನಕ್ಷೆ ಹರಡಿಕೊಂಡು ಕೂತಾಗ ಡೀಲಿಯಾ ಎಲ್ಲವನ್ನೂ ಹೇಳಿದಳು. ಮಾಸ್ತರು ಕನ್ನಡಕ ತೆಗೆದು ಒರೆಸಿದರು.

“ಕಲ್ಲಲ್ಲಿ ಏನಿದೆಯೋ ಹಾಗೇ ಹಾಕೋಣ, ಡೀಲಿಯಾ. ಪ್ಯಾಕಿ ಇರೋದು ಅಲ್ಲೇ ತಾನೆ? ಸುಳ್ಳೇನಿಲ್ಲ.”

“ನಕ್ಷೇಲಿ ಪ್ಯಾಕಿ ಅಂತ ಹಾಕಲ್ಲ ಮಾಸ್ತರೇ, ಕಿಲೀನರು ಅಂತ ಹಾಕ್ತೀರಿ. ಕೆಳಗಿರೋ ಮರಿನನ್ನರೆಲ್ಲ ಕಿಲೀನರಾಗ್ಬಿಡ್ತಾರೆ.”

“ಇದು ಹೊರಗೆ ಬಿದ್ರೆ ಉಳಿದ ಇನ್ನೂರನ್ನೂ ಯಾರೂ ನಂಬಲ್ಲ. ನಿನ್ನ ಮಾತು ಬಿಟ್ರೆ ನಮ್ಮ ಹತ್ರ ಇನ್ನೇನಿದೆ?”

“ಅದಕ್ಕೇ ಹೇಳ್ತಿರೋದು. ಬಾಯಿ ತಪ್ಪಿದ್ರೆ ನನ್ ಜೊತೆ ಹೋಗುತ್ತೆ. ಕಲ್ಲಿಗೂ ಸುಳ್ಳು ಹೇಳ್ಸೋದಾ?” ಕೋಟು ಹಾಕಿಕೊಳ್ಳುತ್ತ ನನ್ನ ಕಡೆ ತಿರುಗಿದಳು. “ಗುರುವಾರ ನಿನ್ನ ಕಾರು ಬೇಕು. ಹ್ಯಾನಿಗೆ ನಾನೇ ಹೇಳ್ಬೇಕು.”

ಹ್ಯಾನಿ ಕಿಲೀನ್ ಪ್ಯಾಕಿಯ ಹೆಂಡತಿ. ಎಂಬತ್ತೈದು ವರ್ಷ, ಮಗ ಡೆಕ್ಲನ್ ಮತ್ತು ಅವನ ಸಂಸಾರದ ಜೊತೆ ಇದ್ದಳು. ನಲವತ್ತಾರು ವರ್ಷ ಒಂದು ಭಾನುವಾರವೂ ಬಿಡದೆ ಗಂಡನ ಸಮಾಧಿಯ ಹತ್ತಿರ ಹೋಗಿ ಜಪಸರ ಹೇಳಿದವಳು. ಡೀಲಿಯಾ ತಾನು ಮಾಡಿದ ಸೋಡಾ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ನಾನು ಓರ್ಲಾಳನ್ನು ಎತ್ತಿಕೊಂಡು ಹಿಂದೆ ಹೋದೆ.

“ಇಬ್ಬರು ಹೆಂಗಸರು, ಒಂದು ಮಗು, ಒಂದು ಬ್ರೆಡ್ಡು,” ಎಂದಳು ಹ್ಯಾನಿ ಒಲೆಯ ಪಕ್ಕದ ಕುರ್ಚಿಯಿಂದ. “ಯಾರು ಸತ್ರು?”

“ಯಾರೂ ಸತ್ತಿಲ್ಲ.”

“ಹಾಗಾದ್ರೆ ವೋಟಿಗೆ ಬಂದಿದೀರಿ. ಕೂತ್ಕೊಳ್ಳಿ.”

ಡೀಲಿಯಾ ಕೂರಲಿಲ್ಲ, ಕೋಟೂ ತೆಗೆಯಲಿಲ್ಲ. ನಿಂತುಕೊಂಡೇ ಹೇಳಿದಳು, ಅತ್ತೆಯ ಮಾತೊಂದನ್ನು ಬಿಟ್ಟು. ತಪ್ಪನ್ನು ಸತ್ತವರ ತಲೆಗೆ ಕಟ್ಟುವುದು ಅವಳಿಗೆ ಇಷ್ಟವಿರಲಿಲ್ಲ. ಹ್ಯಾನಿ ಬ್ರೆಡ್ಡನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು.

“ಅಂದ್ರೆ, ಇಷ್ಟು ವರ್ಷ ಆ ಚಳೀಲಿ ಮಂಡಿಯೂರಿ ನಾನು ಮರಿನನ್ನರ ಅಜ್ಜಂಗೆ ಜಪಸರ ಹೇಳ್ತಿದ್ದೆ.”

“ಪ್ಯಾಕಿಗೂ ಹೇಳ್ತಿದ್ದೆ ನೀನು.”

“ಹೋಗ್ಲಿ ಬಿಡು. ಆ ಮನೆಯವರಿಗೆ ಜಪ ಬೇಕೇ ಇತ್ತು.”

ನಾನು ನಕ್ಕುಬಿಟ್ಟೆ. ನಕ್ಕವಳು ನಾನೊಬ್ಬಳೇ.

“ನಿಂಗೆ ಯಾವಾಗ ಗೊತ್ತಾಯ್ತು?” ಎಂದು ಕೇಳಿದಳು ಹ್ಯಾನಿ.

“ಎಂಬತ್ತಮೂರರಲ್ಲಿ.”

ಹ್ಯಾನಿ ಬ್ರೆಡ್ಡನ್ನು ಮಡಿಲಿನಿಂದ ತೆಗೆದು ಮೇಜಿನ ಮೇಲಿಟ್ಟಳು. “ತಪ್ಪು ಯಾರು ಬೇಕಾದ್ರೂ ಮಾಡ್ತಾರೆ. ನನ್ನ ಡೆಕ್ಲನ್ ಹೋದ ವಾರ ನೆರೆಯವರ ಕುರಿಗೆ ನಮ್ಮ ಗುರುತಿನ ಬಣ್ಣ ಹಚ್ಚಿ ಬಂದ. ಆದ್ರೆ ನೀನು ಮೂವತ್ತನಾಲ್ಕು ವರ್ಷ ಪ್ರತಿ ಭಾನುವಾರ ಆ ಗೇಟಲ್ಲಿ ನಿಂತು, ‘ಏನ್ ಹ್ಯಾನಿ, ಚಳಿ ಜಾಸ್ತಿ ಅಲ್ವಾ’ ಅಂತಿದ್ದೆ. ಅದನ್ನ ನಾನು ತಪ್ಪು ಅನ್ನಲ್ಲ. ಅದಕ್ಕೆ ಬೇರೆ ಹೆಸರಿದೆ.”

ಡೀಲಿಯಾ ಮೇಜಿನ ಮೇಲಿನ ಬ್ರೆಡ್ಡಿನ ಬಟ್ಟೆ ಸರಿಮಾಡಿದಳು.

“ನನ್ನ ಗುಂಡಿ ತೋರ್ಸೋಕೆ ನೀನು ಬರ್ಕೂಡ್ದು,” ಎಂದಳು ಹ್ಯಾನಿ. “ಆ ಮಗುಗೆ ಒಂದು ಬಿಸ್ಕತ್ತು ಕೊಟ್ಟು ಕರ್ಕೊಂಡ್ ಹೋಗಿ.”

ಕಾರು ಸೇತುವೆ ದಾಟಿದ ಮೇಲೆ ಡೀಲಿಯಾ, “ಬ್ರೆಡ್ಡು ತಳ ಸ್ವಲ್ಪ ಸೀದಿತ್ತು” ಎಂದಳು.

ಆಸ್ಟಿ ಮರಿನನ್, ಸನ್ನಿಯ ಮಗ, ಹಾಲು ಕರೆಯುವ ಕೊಟ್ಟಿಗೆಯಲ್ಲಿದ್ದ. ಯಂತ್ರದ ಸದ್ದಿನಲ್ಲಿ ಡೀಲಿಯಾ ಎರಡು ಸಲ ಕೂಗಿ ಹೇಳಬೇಕಾಯಿತು.

“ನಮ್ಮಪ್ಪ ಕಿಲೀನರ ಮೇಲೆ ಮಲಗಿದಾನಾ?”

“ಹೂಂ.”

“ಬದುಕಿದ್ದಾಗ್ಲೂ ಅವರನ್ನ ಏಳೋಕೆ ಬಿಟ್ಟಿರ್ಲಿಲ್ಲ. ಈಗ್ಲೂ ಬಿಟ್ಟಿಲ್ಲ,” ಎಂದು ನಗುತ್ತ ಹಸುವಿನ ಬೆನ್ನು ತಟ್ಟಿದ. ಸ್ವಲ್ಪ ಹೊತ್ತಿನ ಮೇಲೆ ನಗು ನಿಂತಿತು. “ಅದಕ್ಕೇ ಕನಸಲ್ಲಿ ಬಂದಾಗೆಲ್ಲ ಮುಖ ಸಿಂಡರಿಸ್ಕೊಂಡಿರ್ತಾನೆ,” ಎಂದ. ಅವನಿಗೆ ಕೋಪ ಬಂದಿತ್ತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಅವನು ಗೇಟಿನ ತನಕ ಬಂದು ಬೀಳ್ಕೊಡಲಿಲ್ಲ.

ಸುದ್ದಿ ಶನಿವಾರದೊಳಗೆ ಊರೆಲ್ಲ ಹಬ್ಬಿತು. ಅಂಗಡಿಯಲ್ಲಿ ಒಬ್ಬ ಇನ್ನೊಬ್ಬನಿಗೆ, “ನಿಮ್ಮಜ್ಜಿ ನಿಮ್ಮಜ್ಜೀನೇ ಅಂತ ಗ್ಯಾರಂಟಿ ಇದ್ಯೇನೋ?” ಅನ್ನುವುದು, ಡೀಲಿಯಾ ಒಳಗೆ ಬಂದ ಕೂಡಲೇ ಹವಾಮಾನದ ಮಾತಾಡುವುದು. ನವೆಂಬರ್ ಸತ್ತವರ ತಿಂಗಳು. ಆ ತಿಂಗಳಲ್ಲಿ ಎಲ್ಲರೂ ಗುಡ್ಡಕ್ಕೆ ಹೋಗಿ ಹುಲ್ಲು ಕಿತ್ತು, ಹೂವಿಟ್ಟು ಬರುತ್ತಾರೆ. ಹೋದ ನವೆಂಬರಿನಲ್ಲಿ ಜನ ಹೂ ಹಿಡಿದುಕೊಂಡು ಕಾಡುಕಲ್ಲುಗಳ ನಡುವೆ ಅತ್ತಿತ್ತ ನೋಡುತ್ತ ನಿಂತಿದ್ದರು. ಡಿಸೆಂಬರಿನಲ್ಲಿ ಮೀನಿಯವರ ಮನೆಯ ಮುದುಕ ತೀರಿಕೊಂಡಾಗ ಅವರು ಡೀಲಿಯಾಳ ಬಾಗಿಲು ತಟ್ಟಲಿಲ್ಲ. ಮಾಸ್ತರ ಹತ್ತಿರ ಹೋಗಿ ನಕ್ಷೆ ನೋಡಿಕೊಂಡು ತೋಡಿದರು. ಆ ನಕ್ಷೆಯನ್ನು ನಾನು ಬರೆದದ್ದು ಡೀಲಿಯಾಳ ಬಾಯಿಂದಲೇ. ಆದರೂ ಕಾಗದದ ಮೇಲೆ ಬಂದ ಮಾತಿಗೆ ಬೇರೆಯೇ ಮರ್ಯಾದೆ. ಅವಳು ಅಡುಗೆಮನೆಯ ಕಿಟಕಿಯಿಂದ ಗುಡ್ಡದ ಮೇಲೆ ಸಲಿಕೆಗಳು ಆಡುವುದನ್ನು ನೋಡುತ್ತ ಆಲೂಗಡ್ಡೆ ಸುಲಿದಳು. ನಾಲ್ಕು ಜನಕ್ಕೆ ಬೇಕಾದಷ್ಟು ಸುಲಿದಳು. ಮನೆಯಲ್ಲಿ ಇದ್ದದ್ದು ಅವಳು ಮತ್ತು ಗಂಡ ಜಿಮ್.

ಫಲಕದ ಕೆಲಸವೂ ನಿಂತಿತು. “ಅನುಮಾನ ಇರೋದನ್ನ ಕಲ್ಲಿಗೆ ಕೆತ್ಸೋಕಾಗಲ್ಲ” ಎಂದು ಮಾಸ್ತರು ನಕ್ಷೆಯನ್ನು ಸುತ್ತಿ ಬೀರುವಿನ ಮೇಲಿಟ್ಟರು.

ಫೆಬ್ರವರಿಯ ಒಂದು ಶುಕ್ರವಾರ ಮಧ್ಯಾಹ್ನ ಹ್ಯಾನಿ ಕಿಲೀನ್ ತೀರಿಕೊಂಡಳು, ಊಟ ಮಾಡಿ ಕುರ್ಚಿಯಲ್ಲಿ ಕೂತವಳು ಕೂತ ಹಾಗೇ. ಲಂಡನ್ನಿನಲ್ಲಿದ್ದ ಮಗಳು ಬರಬೇಕಿತ್ತಾದ್ದರಿಂದ ಮಣ್ಣು ಮಂಗಳವಾರಕ್ಕೆ ಇಟ್ಟುಕೊಂಡರು. ಅಂದರೆ ಗುಂಡಿ ತೋಡುವುದು ಸೋಮವಾರ. ಸೋಮವಾರ ಹೊಸದಾಗಿ ನೆಲ ಒಡೆದರೆ ವರ್ಷದೊಳಗೆ ಆ ಮನೆಯಿಂದ ಇನ್ನೊಬ್ಬರು ಹೋಗುತ್ತಾರೆ ಎನ್ನುತ್ತಾರೆ. ಅದಕ್ಕೆ ಭಾನುವಾರವೇ ಒಂದು ಹುಲ್ಲುಹೆಂಟೆ ಎತ್ತಿ ಮಗುಚಿ ಇಟ್ಟು ಬಂದುಬಿಡುತ್ತೇವೆ. ಆಗ ಕೆಲಸ ಭಾನುವಾರ ಶುರುವಾದ ಲೆಕ್ಕ.

ಶನಿವಾರ ಬೆಳಿಗ್ಗೆ ಡೀಲಿಯಾಳ ಹತ್ತಿರ ಬಿಟ್ಟಿದ್ದ ಓರ್ಲಾಳನ್ನು ಕರೆದುಕೊಂಡು ಬರಲು ನಾನು ಅವಳ ಮನೆಗೆ ಹೋಗಿದ್ದೆ. ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ಡೆಕ್ಲನ್ ಕಿಲೀನ್ ನಿಂತಿದ್ದ.

“ನಿನ್ನ ದುಃಖದಲ್ಲಿ ನಾನೂ ಇದೀನಪ್ಪಾ,” ಎಂದಳು ಡೀಲಿಯಾ. “ಒಳಗೆ ಬಾ.”

“ಇಲ್ಲ, ಮನೇಲಿ ಜನ ಇದಾರೆ. ಅಮ್ಮ ಒಂದು ಮಾತು ಹೇಳಿ ಹೋಗಿದಾಳೆ. ಜಾಗ ಯಾರದಾದ್ರೂ ಆಗ್ಲಿ, ಪ್ಯಾಕಿ ಎಲ್ಲಿದಾನೋ ಅಲ್ಲೇ ತನ್ನನ್ನ ಇಳಿಸ್ಬೇಕಂತೆ. ಆಸ್ಟಿ ಹತ್ರ ಹೋಗಿ ಕೇಳ್ದೆ. ಜೀವಮಾನದಲ್ಲಿ ಮೊದಲನೇ ಸಲ ಅವನ ಅಂಗಳಕ್ಕೆ ಕಾಲಿಟ್ಟಿದ್ದು.”

“ಏನಂದ?”

“‘ನೋಡೋಣ’ ಅಂದ.”

“ಕಲ್ಲಿದೆಯಲ್ಲೋ ಅಲ್ಲಿ. ನನ್ನ ಹತ್ರ ಯಾಕೆ ಬಂದೆ?”

ಡೆಕ್ಲನ್ ಟೋಪಿ ತಿರುಗಿಸಿದ. “ಕಲ್ಲು ನೋಡಿ ತೋಡ್ಕೂಡ್ದಂತೆ. ಟಾಲ್ಟಿ ಮಗಳು ಬಂದು ಹೆಜ್ಜೆ ಹಾಕ್ಬೇಕಂತೆ, ಅವಳಪ್ಪ ನಡೆದ ಹಾಗೆ. ಪೂಜೆ ಬಿಟ್ಟ ಮೇಲೆ, ಎಲ್ಲರೂ ಇರೋವಾಗ.”

“ನನ್ನ ಬರ್ಕೂಡ್ದು ಅಂದಿದ್ಲು.”

“ಅದು ಆಗ. ಇದು ಹೋದ ವಾರ ಹೇಳಿದ್ದು.” ಅವನು ಟೋಪಿ ಹಾಕಿಕೊಂಡ. “ಬರದಿದ್ರೆ ಬಲವಂತ ಇಲ್ಲ, ಡೀಲಿಯಾ.”

ಅವನು ಹೋದ ಮೇಲೆ ಡೀಲಿಯಾ ಒಲೆಯ ಮೇಲಿನ ಕೆಟಲ್ ತೆಗೆದು, ನೀರು ತುಂಬಿ, ಮತ್ತೆ ಅಲ್ಲೇ ಇಟ್ಟಳು.

“ನಿಂಗೆ ಅವಮಾನ ಮಾಡೋಕೆ ಹೀಗೆ ಹೇಳಿದ್ಲಾ?” ಎಂದು ಕೇಳಿದೆ.

“ಅವಮಾನಕ್ಕೋ, ಮಾನ ಉಳಿಸೋಕೋ. ಹ್ಯಾನಿ ಎರಡನ್ನೂ ಒಂದೇ ಪಾತ್ರೇಲಿ ಬೇಯಿಸೋಳು.” ಆಮೇಲೆ ನನ್ನ ಮುಖ ನೋಡದೆ ಕೇಳಿದಳು: “ಆ ಕಲ್ಲಿನ ತನಕ ನಾನು ಎಣಿಸಿದ್ದು ಎಂಬತ್ತಮೂರರಲ್ಲಿ. ಈಗ ನಂಗೆ ಎಪ್ಪತ್ತೊಂದು. ಕಾಲು ಕುಗ್ಗಿದ್ರೆ? ಹದಿನೇಳಕ್ಕೆ ಕಲ್ಲು ಬರದೇ ಇದ್ರೆ?”

“ಈಗ್ಲೇ ಹೋಗಿ ಎಣಿಸಿ ನೋಡೋಣ. ಯಾರೂ ಇರಲ್ಲ.”

“ಬೇಡ,” ಎಂದಳು. “ಕದ್ದು ನೋಡಿದ್ದು ಒಂದ್ಸಲ ಸಾಕು.”

ಭಾನುವಾರ ಹುಲ್ಲಿನ ಮೇಲೆ ಮಂಜು ಗಟ್ಟಿಯಾಗಿತ್ತು. ಪೂಜೆ ಬಿಟ್ಟ ಮೇಲೆ ಊರೆಲ್ಲ ಗುಡ್ಡ ಹತ್ತಿತು. ಇಷ್ಟು ಜನ ಕ್ರಿಸ್‌ಮಸ್ಸಿಗೂ ಬಂದಿರಲಿಲ್ಲ. ಎಲ್ಲರೂ ಗೋಡೆಯ ಉದ್ದಕ್ಕೂ ನಿಂತರು. ಆಸ್ಟಿ ಮರಿನನ್ ಒಂದು ಮೂಲೆಯಲ್ಲಿ ಸಲಿಕೆ ಹಿಡಿದು ನಿಂತಿದ್ದ. ಅವನು ತಡೆಯಲು ಬಂದಿದ್ದಾನೋ ತೋಡಲು ಬಂದಿದ್ದಾನೋ ಯಾರಿಗೂ ಗೊತ್ತಿರಲಿಲ್ಲ. ಕೇಳುವ ಧೈರ್ಯವೂ ಯಾರಿಗೂ ಇರಲಿಲ್ಲ.

ಡೀಲಿಯಾ ಪೂಜೆಯ ಕೋಟಿನ ಕೆಳಗೆ ರಬ್ಬರ್ ಬೂಟು ಹಾಕಿಕೊಂಡಿದ್ದಳು. ಹೊಸ್ತಿಲ ಮೇಲೆ ನಿಂತು, ಎಡ ಸೊಂಟವನ್ನು ತಗ್ಗಿಸಿ, ಹೆಜ್ಜೆ ಹಾಕಿದಳು. “ಒಂದು,” ಎಂದಳು, ಎಲ್ಲರಿಗೂ ಕೇಳುವ ಹಾಗೆ.

ಗೋಡೆಯ ಹತ್ತಿರ ಯಾರೋ ಕಿಸಕ್ಕೆಂದರು. ಇನ್ಯಾರೋ ಒಬ್ಬ ಮುದುಕ, “ಅಯ್ಯೋ ದೇವ್ರೇ, ಮ್ಯಾಟೀನೇ” ಎಂದ. ಎಪ್ಪತ್ತು ದಾಟಿದವರೆಲ್ಲ ಕತ್ತು ಚಾಚಿ ನೋಡಿದರು. ಐದು, ಆರು. ಅವಳು ಅವಸರ ಮಾಡಲಿಲ್ಲ. ಕಾಲು ಎಳೆದ ಕಡೆಯೆಲ್ಲ ಬಿಳಿ ಮಂಜಿನ ಮೇಲೆ ಹಸಿರು ಗೀಟು ಮೂಡುತ್ತಿತ್ತು. ಹತ್ತರ ಹತ್ತಿರ ಓರ್ಲಾ ನನ್ನ ಕೈಯಿಂದ ಜಾರಿಕೊಂಡು ಅವಳ ಹಿಂದೆ ಹೊರಟಳು, ಎಡಗಾಲು ಎಳೆಯುತ್ತ. ಈ ಸಲ ಎಲ್ಲರೂ ನಕ್ಕರು. ನಾನು ಹಿಡಿಯಲು ಹೋದರೆ ಮಾಸ್ತರು ಬೇಡ ಎಂದು ಕೈಸನ್ನೆ ಮಾಡಿದರು.

“ಹದಿಮೂರು,” ಎಂದಳು ಡೀಲಿಯಾ. ಅವಳು ನಿಂತಿದ್ದದ್ದು ಸನ್ನಿ ಮರಿನನ್ನನ ಕಲ್ಲಿನ ಎದುರಿಗೆ ಸರಿಯಾಗಿ. “ಇಲ್ಲಿ ಕೆಳಗಿರೋರು ಕಿಲೀನರು.” ಆಸ್ಟಿಯ ಕಡೆ ನೋಡಲಿಲ್ಲ. ಮತ್ತೆ ನಡೆದಳು. ಹದಿನಾಲ್ಕು, ಹದಿನೈದು. ಹದಿನಾರಕ್ಕೆ ಕಲ್ಲು ಇನ್ನೂ ದೂರವಿದ್ದ ಹಾಗೆ ನನಗೆ ಕಂಡಿತು. ಅವಳು ಎಡಗಾಲನ್ನು ಎಳೆದು ತಂದು ಊರಿದಳು. ಬೂಟಿನ ತುದಿ ಪ್ಯಾಕಿಯ ಕಲ್ಲಿನ ಬುಡಕ್ಕೆ ತಾಗಿತು.

“ಹದಿನೇಳು. ಇಲ್ಲಿ ಮರಿನನ್ನರು. ಅವರ ಮೇಲೆ ಪ್ಯಾಕಿ, ನನ್ನ ತಪ್ಪಿಂದ.” ಹಿಮ್ಮಡಿ ಒತ್ತಿದಳು. “ಇಲ್ಲಿ.”

ಡೆಕ್ಲನ್ ಸಲಿಕೆ ಎತ್ತಿಕೊಂಡ, ಆದರೆ ಮುಂದೆ ಬರಲಿಲ್ಲ. ನೆಲ ಇನ್ನೊಬ್ಬರದು. ಆಗ ಆಸ್ಟಿ ಮೂಲೆಯಿಂದ ಬಂದ. ಕಲ್ಲನ್ನು ಒಮ್ಮೆ, ಡೀಲಿಯಾಳ ಬೂಟನ್ನು ಒಮ್ಮೆ ನೋಡಿದ.

“ನಮ್ಮ ಜಾಗ ಅಂದ್ಮೇಲೆ ಮೊದಲ ಹೆಂಟೆ ನಂದೇ,” ಎಂದು ಸಲಿಕೆ ಇಳಿಸಿ, ಗಟ್ಟಿಯಾದ ನೆಲವನ್ನು ಕಾಲಲ್ಲಿ ಒತ್ತಿ, ಹುಲ್ಲುಹೆಂಟೆ ಎತ್ತಿ ಮಗುಚಿದ.

“ಇದಕ್ಕೆ ಏನ್ ಕೇಳ್ತೀಯ?” ಎಂದ ಡೆಕ್ಲನ್.

“ಜೌಗಿನ ದಾರಿ.”

“ನೋಡೋಣ,” ಎಂದ ಡೆಕ್ಲನ್.

ಅವರಿಬ್ಬರೂ ಅಷ್ಟಕ್ಕೇ ನಿಲ್ಲಿಸಿದರು. ಜನ ಚದುರಲು ಶುರುಮಾಡಿದಾಗ ಮೀನಿಯವರ ಸೊಸೆ ಡೀಲಿಯಾಳ ಹತ್ತಿರ ಬಂದು ತೋಳು ಮುಟ್ಟಿದಳು. “ನಮ್ಮ ಮಾವನ್ನ ಡಿಸೆಂಬರಲ್ಲಿ ಇಳಿಸಿದ್ವಲ್ಲ. ಅದು ಸರಿ ಇದ್ಯಾ ಅಂತ ಒಂಚೂರು ನಡೆದು ನೋಡ್ತೀಯಾ?” ಅವಳ ಹಿಂದೆ ಇನ್ನಿಬ್ಬರು ನಿಂತಿದ್ದರು.

“ಮಧ್ಯಾಹ್ನ ಬರ್ತೀನಿ,” ಎಂದಳು ಡೀಲಿಯಾ. “ಒಲೆ ಮೇಲೆ ಬೇಕನ್ ಬೇಯ್ತಿದೆ, ಜಿಮ್ ನೋಡ್ಕೊಳ್ಳಲ್ಲ.” ಗೇಟಿನ ತನಕ ಕುಂಟಿಕೊಂಡೇ ಹೋದಳು. ನೆನಪಾದದ್ದು ರಸ್ತೆಗಿಳಿದ ಮೇಲೆ. ಆಗ ನೆಟ್ಟಗಾಗಿ, ಎಂದಿನ ಚುರುಕಿನಲ್ಲಿ ಇಳಿದಳು.

ಆ ವಾರವೇ ಮಾಸ್ತರು ಬೀರುವಿನ ಮೇಲಿಂದ ನಕ್ಷೆ ಇಳಿಸಿದರು. ನಾನು ಬಟ್ಟೆ ಅಳೆಯುವ ಟೇಪು ಹಿಡಿದು ಡೀಲಿಯಾಳನ್ನು ನಮ್ಮ ಅಂಗಳದಲ್ಲಿ ನಡೆಸಿದೆ. ಕುಂಟು ಹೆಜ್ಜೆ ಇಪ್ಪತ್ತೆರಡು ಇಂಚು. ಮೇ ತಿಂಗಳಲ್ಲಿ ಫಲಕ ಬಂತು. ಅದರ ಕೆಳಗೆ ಅಳತೆಯ ಗೆರೆಯೊಂದಿದೆ. ಗೆರೆಯ ಪಕ್ಕದಲ್ಲಿ ‘ಮ್ಯಾಟಿ ಟಾಲ್ಟಿಯ ಹತ್ತು ಹೆಜ್ಜೆ’ ಎಂದು ಕೆತ್ತಿದೆ. ಹದಿನೇಳರ ಹತ್ತಿರ ಮರಿನನ್ ಎಂದಿದೆ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಪ್ಯಾಕಿ ಮತ್ತು ಹ್ಯಾನಿ ಕಿಲೀನ್. ಹದಿಮೂರರ ಹತ್ತಿರ ಕಿಲೀನ್, ಕೆಳಗೆ ಸನ್ನಿ ಮರಿನನ್. ಡೀಲಿಯಾ ಬೆರಳಿಟ್ಟು ಒಂದೊಂದನ್ನೂ ನೋಡಿ, “ಕಲ್ಲು ಚೆನ್ನಾಗಿದೆ” ಎಂದಳು. ಆಮೇಲೆ ನನಗೆ ಹೇಳಿದಳು: “ಮಂಗಳವಾರ ಬಾ. ನಿಂಗೆ ಶುರು ಮಾಡ್ತೀನಿ.”

“ನಾನು ಎಲ್ಲಾ ಬರ್ಕೊಂಡಿದೀನಲ್ಲ. ಕಲ್ಲಲ್ಲೂ ಇದೆ.”

“ಬರ್ಕೊಂಡ್ರೆ ಕಾಲಿಗೆ ಬರಲ್ಲ, ಹುಡುಗಿ. ಬೂಟು ಹಾಕ್ಕೊಂಡು ಬಾ.”

ಈಗ ಆರು ಮಂಗಳವಾರ ಆಗಿದೆ. ಮೀನಿಯವರ ತನಕ ಬಂದಿದ್ದೇನೆ, ನಲವತ್ತೊಂದು ಮನೆತನ. ನನ್ನ ಕುಂಟು ಇನ್ನೂ ಸರಿಯಾಗಿಲ್ಲ, ಹೆಜ್ಜೆ ಒಂದಿಂಚು ಉದ್ದ ಬೀಳುತ್ತದೆ ಎಂದು ಡೀಲಿಯಾ ಬೈಯುತ್ತಾಳೆ. ಓರ್ಲಾಳದು ಸರಿಯಾಗಿದೆಯಂತೆ.